ನನ್ನ ಗುಂಡಿಗೆ ಬಿಟ್ಟ ಹಾಲುತುಪ್ಪ

ನಾನು ಸತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನಾಗಮಂಗಲದ ಕಡೆಯ ನಮ್ಮ ನೆಂಟರಲ್ಲಿ ಅರ್ಧ ಜನ ನಾನು ಸತ್ತು, ಮಣ್ಣಾಗಿ, ಮೂರನೇ ದಿನ ಎದ್ದು ಬಂದವನು ಎಂದೇ ಇವತ್ತಿಗೂ ನಂಬಿದ್ದಾರೆ. ಹೋದ ಸಲ ಅಲ್ಲಿಯ ಮದುವೆಯೊಂದಕ್ಕೆ ಹೋದಾಗ ಅಜ್ಜಿಯೊಬ್ಬರು ನನ್ನ ಕೈ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, ಕಣ್ಣಿಗೆ ಒತ್ತಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಜೀವಮಾನವೆಲ್ಲ ಪಾಂಡವಪುರದ ಕಾಲೇಜಿನಲ್ಲಿ ನಿಂತು "ಆಧಾರ ಎಲ್ಲಿ, ಆಧಾರ ತೋರ್ಸಿ" ಎಂದು ಹುಡುಗರಿಗೆ ಇತಿಹಾಸ ಹೇಳಿದವನನ್ನೇ ಈ ಜನ ಒಂದು ಪವಾಡ ಮಾಡಿ ಕೂರಿಸಿದ್ದಾರೆ.

ಶುರುವಾದದ್ದು ಪಾದದ ಜೋಮಿನಿಂದ. ಬೆಳಿಗ್ಗೆ ಚಪ್ಪಲಿ ಕಾಲಲ್ಲಿ ನಿಲ್ಲಲಿಲ್ಲ. ಮಧ್ಯಾಹ್ನ ಪಾಠ ಮಾಡುವಾಗ ಕೈಯಿಂದ ಸೀಮೆಸುಣ್ಣ ಜಾರಿತು, ಬಗ್ಗಿ ಎತ್ತಿಕೊಳ್ಳಲು ಹೋದವನು ಹಾಗೇ ಕುಸಿದೆ. ಆ ವಾರ ಮುಗಿಯುವಷ್ಟರಲ್ಲಿ ಕಾಲು, ಕೈ, ಗಂಟಲು, ಮುಖ ಒಂದೊಂದಾಗಿ ನನ್ನ ಮಾತು ಕೇಳುವುದನ್ನು ಬಿಟ್ಟವು. ಉಸಿರೂ ನಿಲ್ಲುವಂತಾದಾಗ ಒಂದು ನರ್ಸಿಂಗ್ ಹೋಮಿನಲ್ಲಿ ಗಂಟಲಿಗೆ ಕೊಳವೆ ಇಳಿಸಿ ಯಂತ್ರಕ್ಕೆ ಸಿಕ್ಕಿಸಿದರು. ನನ್ನ ನರಗಳ ಮೇಲೆ ನನ್ನ ಮೈಯೇ ತಿರುಗಿಬಿದ್ದಿತ್ತು ಎಂಬುದು ಆಮೇಲೆ ತಿಳಿಯಿತು. ಆ ಕಾಯಿಲೆಯ ಹೆಸರು ಇವತ್ತಿಗೂ ನನ್ನ ನಾಲಿಗೆಗೆ ಸರಿಯಾಗಿ ತಿರುಗುವುದಿಲ್ಲ.

ಯಾರಿಗೂ ಗೊತ್ತಾಗದೆ ಹೋದ ಸಂಗತಿ ಎಂದರೆ ನನ್ನ ಕಿವಿ ಮಾತ್ರ ನೆಟ್ಟಗಿತ್ತು. ಎಲ್ಲವೂ ಕೇಳಿಸುತ್ತಿತ್ತು. ನೋಡಲು ಬಂದವರು ನನ್ನ ತಲೆಯ ಮೇಲೆಯೇ ನಿಂತು ಮಾತಾಡುತ್ತಿದ್ದರು. "ಹೆಂಗಿದ್ದ ಮನುಸ್ಯ" ಎನ್ನುತ್ತಿದ್ದರು. ಇದ್ದ ಎಂದರೇನು, ಇನ್ನೂ ಇದ್ದೇನಲ್ಲ! ಒಬ್ಬ ಮಹಾಶಯರು ನನಗೆಂದು ತಂದ ಕಿತ್ತಳೆ ಹಣ್ಣನ್ನು ನನ್ನ ಪಕ್ಕದಲ್ಲೇ ಕೂತು ಸುಲಿದು ತಾವೇ ತಿಂದು, ಬೀಜವನ್ನು ನನ್ನ ಹೊದಿಕೆಯ ಮೇಲೆ ಉಗಿದು ಹೋದರು. ಹೆದರಿಕೆ ಇರಲಿಲ್ಲವೆಂದಲ್ಲ. ಆದರೆ ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಿಟ್ಟು.

ಆಮೇಲೆ ಆ ಮಾತು ಬಂತು. ದೊಡ್ಡ ಡಾಕ್ಟರು ಬಾಗಿಲ ಹತ್ತಿರ ನಿಂತು, "ನಮ್ಮ ಕೈ ಮೀರಿದೆ, ಮನೆಗೆ ಕರ್ಕೊಂಡು ಹೋಗಿಬಿಡಿ" ಎಂದರು. ಕೇಳಿಸಿಕೊಂಡವನು ನನ್ನ ದೊಡ್ಡಪ್ಪನ ಮಗ ರಾಮಕೃಷ್ಣಣ್ಣ. ಊರಿನ ಹಾಲಿನ ಸೊಸೈಟಿಯ ಅಧ್ಯಕ್ಷ, ಮದುವೆಯಿಂದ ಮಣ್ಣಿನವರೆಗೆ ಎಲ್ಲದಕ್ಕೂ ಮುಂದಾಳು. ಅಳುತ್ತಾ ಕೂರುವ ಜಾತಿಯವನಲ್ಲ. ಕಾರಿಡಾರಿನಲ್ಲೇ ಫೋನ್ ಹಚ್ಚಿ ಬೂಕನಕೆರೆಯ ಪಕ್ಕದ ನಮ್ಮೂರಿಗೆ ಹೇಳಿದ, "ತೋಟದ ಮೂಲೆಲಿ ಗುಂಡಿ ತೆಗ್ಸ್ಬುಡ್ರಲಾ. ಹೊತ್ತು ಮುಳುಗೋಕೆ ಮುಂಚೆ ತತ್ತೀವಿ." ನಾಗಮಂಗಲದ ನನ್ನ ಸೋದರಮಾವನ ಮನೆಗೂ ಸುದ್ದಿ ಕೊಟ್ಟ. ಇಷ್ಟನ್ನೂ ನಾನು ಕೇಳಿಸಿಕೊಂಡೆ. ನನ್ನ ಗುಂಡಿಗೆ ನಾನೇ ಸಾಕ್ಷಿ.

ಕಾಲ ಬಳಿ ನನ್ನ ಅಕ್ಕ ಪುಟ್ಟತಾಯಮ್ಮ ಕೂತಿದ್ದಳು. ಸಂತೆಬಾಚಹಳ್ಳಿಗೆ ಕೊಟ್ಟ ಅಕ್ಕ, ಭಾವ ತೀರಿಹೋದ ಮೇಲೆ ಹಸು ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿಕೊಂಡು ಬದುಕಿದವಳು. ಬಂದ ದಿನದಿಂದ ನನ್ನ ಪಾದಕ್ಕೆ ಹರಳೆಣ್ಣೆ ತಿಕ್ಕುತ್ತಾ ಬೈಯುತ್ತಲೇ ಇದ್ದಳು. ಹಸು ಕರೆಯುವಾಗಲೂ ಅವಳು ಬೈಯುತ್ತಾಳೆ. ಆ ಹೊತ್ತಿನಲ್ಲೂ ಏನೋ ಬೈದು ಮುಖ ನೋಡಿದವಳು ನನ್ನ ಕಣ್ಣುಗುಡ್ಡೆ ಹೊರಳಿದ್ದು ಕಂಡು ಥಟ್ಟನೆ ನಿಲ್ಲಿಸಿದಳು. ನನ್ನ ಅರೆಮುಚ್ಚಿದ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹತ್ತಿರ ಬಂದಳು.

"ಲೇ ಸಿವು, ನಾನೇಳೋದು ಕೇಳುಸ್ತಾ ಇದ್ರೆ ಕಣ್ಣುಗುಡ್ಡೆ ಮ್ಯಾಕ್ಕೆತ್ತು ಕಣ್ಲಾ. ಒಂದೇ ಒಂದ್ಸಲ ಎತ್ಬುಡು."

ಎತ್ತಿದೆ. ಜೀವನದಲ್ಲಿ ಅಷ್ಟು ಭಾರವಾದದ್ದನ್ನು ನಾನು ಎತ್ತಿಲ್ಲ.

ಅಕ್ಕ ಕಿರುಚಿಕೊಂಡು ಹೊರಗೆ ಓಡಿದಳು. "ಗ್ಯಾನ ಅದೆ ಕಣ್ರಪ್ಪೋ! ನಾನೇಳಿದ್ದು ಕೇಳ್ತಾ ಅವ್ನೆ!"

"ಅಕ್ಕಯ್ಯ, ಆಸೆ ಇದ್ರೆ ಅಂಗೇ ಕಾಣೋದು" ಎಂದ ರಾಮಕೃಷ್ಣಣ್ಣ. "ಡಾಕ್ಟ್ರೇ ಹೇಳಾಯ್ತು. ನೀನು ಹೆಣ್ಣೆಂಗ್ಸು, ಅತ್ಲಾಗೆ ಕೂತ್ಕೊ. ನಮ್ಗೂ ಸಂಕ್ಟ ಇಲ್ವಾ?"

ದೊಡ್ಡ ಡಾಕ್ಟರು ಒಳಗೂ ಬರಲಿಲ್ಲ. "ಅದು ನರದ ಸೆಳೆತ ಅಮ್ಮ" ಎಂದು ನಿಂತಲ್ಲಿಂದಲೇ ಹೇಳಿ ಹೊರಟರು. ಒಂದು ಹೆಜ್ಜೆ ಒಳಗಿಟ್ಟು ನನ್ನ ಕಣ್ಣು ನೋಡಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಅಕ್ಕ ಬಾಗಿಲಿಗೆ ಅಡ್ಡ ಕಾಲು ನೀಡಿಕೊಂಡು ಕೂತುಬಿಟ್ಟಳು. "ನನ್ನ ದಾಟ್ಕೊಂಡು ಎತ್ಕೊಂಡೋಗಿ, ನೋಡ್ಬುಡ್ತೀನಿ" ಎಂದಳು. ನನ್ನ ಹೆಂಡತಿ ಸುಜಾತ ಅಳುತ್ತಾ ನಿಂತಿದ್ದವಳು ಬಂದು ಅವಳ ಪಕ್ಕದಲ್ಲೇ ಕೂತಳು. ಇಬ್ಬರು ಹೆಂಗಸರನ್ನು ದಾಟುವ ಧೈರ್ಯ ಅಷ್ಟು ಗಂಡಸರಲ್ಲಿ ಯಾರಿಗೂ ಆಗಲಿಲ್ಲ. ಸಂಜೆ ಪಾಳಿ ಬದಲಾಗಿ ಬಂದ ಡಾಕ್ಟರಮ್ಮ, "ಏನಮ್ಮಾ ದಾರೀಲಿ?" ಎಂದು ಕೇಳಿ, ಒಳಗೆ ಬಂದು, ರೆಪ್ಪೆ ಎತ್ತಿ, ಮೇಲೆ ನೋಡಿ ಎಂದರು. ನೋಡಿದೆ. ಇನ್ನೊಂದು ಸಲ ಎಂದರು. ನೋಡಿದೆ. "ಅಯ್ಯೋ ದೇವರೇ, ಇವರಿಗೆ ಎಲ್ಲಾ ಕೇಳಿಸ್ತಾ ಇದೆ!" ಎಂದರು.

ಅಕ್ಕ ಮಧ್ಯಾಹ್ನದಿಂದ ಹೇಳಿದ್ದೂ ಅದನ್ನೇ. ಡಾಕ್ಟರಮ್ಮನ ಬಾಯಲ್ಲಿ ಬಂದ ಮೇಲೆ ಅದು ನಿಜವಾಯಿತು. ರಾಮಕೃಷ್ಣಣ್ಣ ಎದ್ದು ಮೈಸೂರಿಗೆ ಆಂಬುಲೆನ್ಸ್ ಹೊಂದಿಸಿದ. ಅವನು ಕೆಟ್ಟವನಲ್ಲ, ಅದನ್ನೂ ಹೇಳಬೇಕು. ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡಿದ್ದ.

ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ಜೀವ ತಿರುಗಿಕೊಳ್ಳುತ್ತಾ ಬಂದಾಗ ನನ್ನನ್ನು ಇಬ್ಬರಿರುವ ಕೋಣೆಗೆ ಹಾಕಿದರು. ಪಕ್ಕದ ಹಾಸಿಗೆಯಲ್ಲಿ ಬೆನ್ನುಮೂಳೆಯ ಆಪರೇಷನ್ ಆದ ಇನ್ನಾಸಪ್ಪ. ಶ್ರೀರಂಗಪಟ್ಟಣದ ಕೋರ್ಟಿನಲ್ಲಿ ವಕೀಲರು, ಗಂಜಾಂ ಕಡೆಯ ಹಳೆಯ ಕ್ರೈಸ್ತ ಮನೆತನ. ಅಲುಗಾಡಬಾರದು ಎಂದು ಅವರಿಗೆ ಅಪ್ಪಣೆಯಾಗಿತ್ತು. ಕೋರ್ಟಿಲ್ಲ, ಕಕ್ಷಿದಾರರಿಲ್ಲ, ಬಾಯಿ ಮಾತ್ರ ಆರೋಗ್ಯವಾಗಿತ್ತು. ಈ ಮನುಷ್ಯ ಇತಿಹಾಸದ ಮೇಷ್ಟ್ರು ಎಂದು ಅಕ್ಕನಿಂದ ತಿಳಿದುಕೊಂಡದ್ದೇ ತಡ, "ಮೇಷ್ಟ್ರೇ, ಒಂದು ಹಳೇ ಕೇಸು ನಿಮ್ಮ ಮುಂದೆ ಇಡ್ತೀನಿ" ಎಂದು ಶುರುಮಾಡಿದರು. ಯೇಸು ಸತ್ತು ಮೂರನೇ ದಿನ ಎದ್ದದ್ದು ಬರೀ ನಂಬಿಕೆಯಲ್ಲ, ಇತಿಹಾಸ ಎಂಬುದು ಅವರ ವಾದ.

ನನ್ನ ಗಂಟಲಲ್ಲಿ ಇನ್ನೂ ಕೊಳವೆ. ಹೌದು ಎನ್ನಲು ಒಂದು ಸಲ ಕಣ್ಣು ಮಿಟುಕಿಸಬೇಕು, ಇಲ್ಲ ಎನ್ನಲು ಎರಡು ಸಲ. ಬಾಯಿ ಕಟ್ಟಿದವನ ಮುಂದೆ ವಾದ ಮಂಡಿಸುವುದು ಯಾವ ನ್ಯಾಯ? ಸಮಾಧಿ ಖಾಲಿಯಿತ್ತು, ವಿರೋಧಿಗಳಿಗೆ ಹೆಣ ತೋರಿಸಲಾಗಲಿಲ್ಲ ಎಂದರು. ಎರಡು ಸಲ ಮಿಟುಕಿಸಿದೆ. ಕಂಡವರು ಒಬ್ಬಿಬ್ಬರಲ್ಲ ಎಂದರು. ಎರಡು ಸಲ. ಹೆದರಿ ಓಡಿಹೋಗಿದ್ದ ಶಿಷ್ಯರು ಆಮೇಲೆ ಅದಕ್ಕಾಗಿ ಜೀವ ಕೊಡಲೂ ತಯಾರಾದರು, ಸುಳ್ಳು ಎಂದು ಗೊತ್ತಿದ್ದೂ ಯಾರಾದರೂ ಸಾಯುತ್ತಾರೆಯೇ ಎಂದರು. ಎರಡು ಸಲ, ಜೋರಾಗಿ.

"ಎದುರು ಪಕ್ಷದ ಆಕ್ಷೇಪಣೆ ದಾಖಲಾಯ್ತು" ಎಂದು ನಗುತ್ತಿದ್ದರು ಇನ್ನಾಸಪ್ಪ.

ಆ ಕೋಣೆಯಲ್ಲಿ ಉಪಕಾರ ಮಾಡಿದವರೂ ಇದ್ದರು. ಇನ್ನಾಸಪ್ಪನವರ ಹೆಂಡತಿ ಸಂಜೆ ಪ್ರಾರ್ಥನೆ ಮುಗಿಸಿ, ನನ್ನ ತುಟಿಗೂ ಒದ್ದೆ ಹತ್ತಿ ಒತ್ತುತ್ತಿದ್ದರು. ಯಾರೂ ಹೇಳಿರಲಿಲ್ಲ. ಒಬ್ಬ ನರ್ಸಮ್ಮ ನನ್ನ ಕಿವಿಯ ಮೇಲೆ ಕೂತ ನೊಣವನ್ನು ಓಡಿಸಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ನೊಣ ಕೂತು ಓಡಾಡುತ್ತಿದ್ದರೂ ಕೈ ಎತ್ತಲಾಗದವನಿಗೆ ಮಾತ್ರ ಅದರ ಬೆಲೆ ಗೊತ್ತು. ಕೊಳವೆ ತೆಗೆದ ದಿನ ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಅಕ್ಕ, "ಏನಾರ ಅನ್ಲಾ" ಎಂದಳು. ನಾನು ಇನ್ನಾಸಪ್ಪನವರ ಕಡೆ ಕಣ್ಣು ಹೊರಳಿಸಿ, "ಇಲ್ಲ" ಎಂದೆ. ಅವರು ಹೊಲಿಗೆ ನೋಯುವಷ್ಟು ನಕ್ಕರು. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಮನೆಗೆ ಬಂದ ಮೇಲೆ ಗುಂಡಿಯ ಉಳಿದ ಕಥೆ ತಿಳಿಯಿತು. ಅಗೆದ ಗುಂಡಿಯನ್ನು ಬರಿದೇ ಮುಚ್ಚಬಾರದು, ಮುಚ್ಚಿದರೆ ಅದು ಮನೆಯಲ್ಲಿ ಇನ್ನೊಬ್ಬರನ್ನು ಕೇಳುತ್ತದೆ ಎಂದು ನಮ್ಮ ಕಡೆಯ ಹಿರಿಯರು ನಂಬುತ್ತಾರೆ. ಹಾಗಾಗಿ ಒಂದು ಬಾಳೆದಿಂಡು ಕಡಿದು, ನನ್ನದೇ ಪಂಚೆ ಸುತ್ತಿ, ಶಾಸ್ತ್ರವಾಗಿ ಹೂತು ದಿಬ್ಬ ಮಾಡಿದ್ದರು. ಒಳ್ಳೆಯ ಪಂಚೆ. ಆ ಗಡಿಬಿಡಿಯಲ್ಲಿ ನಾಗಮಂಗಲಕ್ಕೆ "ಸತ್ತಿಲ್ಲ" ಎಂದು ತಿಳಿಸಲು ಎಲ್ಲರೂ ಮರೆತರು. ಸಾವಿನ ಸುದ್ದಿ ಕೊಡಲು ಮುಂದಾಳು ಇರುತ್ತಾನೆ, ಬದುಕಿದ ಸುದ್ದಿ ಕೊಡಲು ಯಾರೂ ಇರುವುದಿಲ್ಲ.

ಮಣ್ಣಾದ ಮೂರನೇ ದಿನ ಗುಂಡಿಯ ಮೇಲೆ ಹಾಲುತುಪ್ಪ ಬಿಡುವುದು ನಮ್ಮ ಪದ್ಧತಿ. ಮಣ್ಣಿಗೆ ಬರಲಾಗದ ನನ್ನ ಸೋದರಮಾವನ ಮನೆಯವರು ಅದಕ್ಕಾದರೂ ಇರಬೇಕೆಂದು ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು, ನೇರ ತೋಟಕ್ಕೆ ಹೋಗಿ, ಹಸಿ ದಿಬ್ಬ ಕಂಡು, ಗೋಳಾಡಿ, ಹಾಲುತುಪ್ಪ ಬಿಟ್ಟಿದ್ದಾರೆ. ನನಗಿಷ್ಟವೆಂದು ಚಕ್ಕುಲಿ, ಒಂದು ಕಟ್ಟು ಬೀಡಿ ಇಟ್ಟಿದ್ದಾರೆ. ನಾನು ಬೀಡಿ ಬಿಟ್ಟು ಎಷ್ಟು ಕಾಲವಾಯಿತು! ಮನೆಗೆ ಬಂದರೆ ಬೀಗ, ಎಲ್ಲರೂ ಮೈಸೂರಿನಲ್ಲಿ, ಅಕ್ಕಪಕ್ಕದವರು ಹೊಲಗದ್ದೆಯಲ್ಲಿ. ಹೆಣದ ಮನೆಯವರು ಬೀಗ ಹಾಕಿಕೊಂಡು ಹೋದರಲ್ಲ ಎಂದು ಬೈದುಕೊಂಡು ವಾಪಸು ಹೋದರು. ಅದೇ ಸಂಜೆ ಯಾರೋ ಫೋನಿನಲ್ಲಿ, "ಮೈಸೂರಲ್ಲಿ ಅವ್ನೆ, ಕಣ್ಣು ಬುಟ್ಟವ್ನೆ" ಎಂದರು. ಅವರ ಲೆಕ್ಕಕ್ಕೆ ಇನ್ನೇನು ಬೇಕು? ಹೂತದ್ದು ನಿಜ, ಹಾಲುತುಪ್ಪ ಬಿಟ್ಟದ್ದು ನಿಜ, ಮೂರನೇ ದಿನ ಕಣ್ಣು ಬಿಟ್ಟದ್ದೂ ನಿಜ.

ನಾನು ಕೋಲು ಹಿಡಿದು ಓಡಾಡುವಂತಾದ ಮೇಲೆ ಇದನ್ನು ಗೆದ್ದವನ ಗತ್ತಿನಲ್ಲಿ ಗಂಜಾಮಿಗೆ ಹೊತ್ತುಕೊಂಡು ಹೋದೆ. "ನೋಡಿ ವಕೀಲರೇ, ಸಮಾಧಿ ಇದೆ, ಹೆಣ ಇಲ್ಲ. ಸಾಕ್ಷಿಗಳಿದ್ದಾರೆ, ಒಬ್ಬರೂ ಸುಳ್ಳು ಹೇಳೋರಲ್ಲ. ಮೂರನೇ ದಿನವೂ ಇದೆ. ಆದ್ರೆ ನಾನು ಸತ್ತಿರಲಿಲ್ಲ. ನಿಮ್ಮ ಕೇಸು ಬಿದ್ದುಹೋಯ್ತು" ಎಂದೆ.

ಇನ್ನಾಸಪ್ಪ ಕಾಫಿ ಲೋಟ ಕೆಳಗಿಟ್ಟರು. "ನಿಮ್ಮ ಗುಂಡಿ ಅಗೆದ್ರೆ ಬಾಳೆದಿಂಡು ಸಿಗುತ್ತೆ. ಅಲ್ಲಿಗೆ ನಿಮ್ಮ ನೆಂಟರ ಕಥೆ ಮುಗೀತು. ಅವತ್ತು ಅಷ್ಟು ವಿರೋಧಿಗಳಿದ್ರೂ ಯಾರೂ ಯಾಕೆ ಹೆಣ ತೋರಿಸ್ಲಿಲ್ಲ? ಯೇಸುವನ್ನ ಶಿಲುಬೆಗೆ ಹಾಕಿದ್ದು ಸೈನಿಕರು, ಕೊಲ್ಲೋದೇ ಅವರ ಕೆಲಸ. ನೀವು ಉಳಿಯೋಲ್ಲ ಅಂದದ್ದು ಬಾಗಿಲಲ್ಲಿ ನಿಂತ ಡಾಕ್ಟ್ರು."

ಮಾತಿನಲ್ಲಿ ಹುರುಳಿತ್ತು, ಒಪ್ಪಿಕೊಂಡೆ. ಆದರೂ ನಾನು ಬಿಡಲಿಲ್ಲ. ಹೆಣ ತೋರಿಸಬೇಕೆಂದು ಆಗ ಯಾರಿಗೆ ಅನಿಸಿತ್ತೋ ನಮಗೇನು ಗೊತ್ತು? ಕಥೆ ದೊಡ್ಡದಾಗುವ ಹೊತ್ತಿಗೆ ಹೆಣ ಗುರುತು ಹಿಡಿಯುವಂತೆ ಉಳಿದಿರುತ್ತದೆಯೇ? ಜೀವ ಕೊಟ್ಟದ್ದರಿಂದ ಅವರು ನಂಬಿದ್ದರು ಎಂದು ಗೊತ್ತಾಗುತ್ತದೆ, ನಂಬಿದ್ದು ನಡೆದಿತ್ತು ಎಂದು ಗೊತ್ತಾಗುವುದಿಲ್ಲ. ನಮ್ಮ ಸೋದರಮಾವನೂ ನನ್ನ ವಿಷಯದಲ್ಲಿ ಆಣೆ ಮಾಡುತ್ತಾನೆ. ಅವತ್ತು ಇಬ್ಬರೂ ಸೋಲಲಿಲ್ಲ. ನಾನು ಹೊರಟಾಗ ಅವರು ಬಾಗಿಲವರೆಗೆ ಬಂದು, "ನೀವು ಹೆಂಗಸರ ವಿಷಯಕ್ಕೆ ಉತ್ತರ ಕೊಡ್ಲೇ ಇಲ್ಲ ಮೇಷ್ಟ್ರೇ" ಎಂದರು.

ಆ ವಿಷಯ ಹೀಗಿದೆ. ಮೂರನೇ ದಿನ ಬೆಳಿಗ್ಗೆ ಸುಗಂಧದ್ರವ್ಯ ತೆಗೆದುಕೊಂಡು ಯೇಸುವಿನ ಸಮಾಧಿಗೆ ಹೋದವರು ಹೆಂಗಸರು. ಖಾಲಿಯಾಗಿದ್ದನ್ನು ಮೊದಲು ಕಂಡವರು, ಓಡಿಬಂದು ಹೇಳಿದವರು ಅವರೇ. ಗಂಡಸರು ಅದನ್ನು ಹುಚ್ಚು ಮಾತೆಂದು ತಳ್ಳಿಹಾಕಿದರು. ಹೆಂಗಸಿನ ಸಾಕ್ಷ್ಯಕ್ಕೆ ಬೆಲೆಯಿಲ್ಲದ ಕಾಲದಲ್ಲಿ ಕಥೆ ಕಟ್ಟುವವನು ಹೆಂಗಸರನ್ನು ಮುಖ್ಯ ಸಾಕ್ಷಿ ಮಾಡುತ್ತಾನೆಯೇ ಎಂಬುದು ಇನ್ನಾಸಪ್ಪನವರ ಪ್ರಶ್ನೆ. ಆಸ್ಪತ್ರೆಯಲ್ಲಿ ಇದನ್ನು ಕೇಳಿದಾಗ ನಾನು ಎರಡು ಸಲ ಮಿಟುಕಿಸಲಿಲ್ಲ. ಒಂದು ಸಲವೂ ಮಿಟುಕಿಸಲಿಲ್ಲ. ಅಕ್ಕ ಆಗ ನನ್ನ ಕಾಲು ತಿಕ್ಕುತ್ತಿದ್ದಳು.

ರಾಮಕೃಷ್ಣಣ್ಣ ನನಗಾಗಿ ಹೊತ್ತ ಹರಕೆಯ ಊಟ ಹಾಕಿಸಿದ ದಿನ ಉತ್ತರ ಸಿಕ್ಕಿತು. ಕೆ.ಆರ್. ಪೇಟೆಯಿಂದ, ನಾಗಮಂಗಲದಿಂದ ನೆಂಟರು ಬಂದಿದ್ದರು. ಊಟಕ್ಕೆ ಕೂರುವ ಮುಂಚೆ ಅವನು ನಿಂತು ನನ್ನ ಕಥೆ ಹೇಳಿದ. ದೊಡ್ಡ ಡಾಕ್ಟರು ಕೈಬಿಟ್ಟದ್ದು, ತಾನು ಮನೆದೇವರನ್ನು ನೆನೆದದ್ದು, "ಇವ್ನ ಕಣ್ಣಲ್ಲಿ ಜೀವ ಅದೆ ಅಂತ ನಮಗ್ಗೊತ್ತಾಗ್ಬುಡ್ತು" ಎಂದದ್ದು, ಆಂಬುಲೆನ್ಸು, ಮೈಸೂರು. ಎಲ್ಲವೂ ಇತ್ತು. ಅಕ್ಕ ಇರಲಿಲ್ಲ. ಬಾಗಿಲಿಗೆ ಅಡ್ಡ ಕೂತವಳು ಇರಲಿಲ್ಲ. ಮೋಸವೂ ಅಲ್ಲ, ಅವನಿಗೆ ಹಾಗೇ ನೆನಪಿದೆ! ಅಕ್ಕ ಆ ಹೊತ್ತಿನಲ್ಲಿ ಹಿತ್ತಿಲಲ್ಲಿ ಮುದ್ದೆ ಕಟ್ಟುತ್ತಿದ್ದಳು.

ನಾನು ಕೋಲೂರಿ ಎದ್ದೆ. "ನನ್ನ ಕಣ್ಣು ನೋಡಿದ್ದು ನಮ್ಮಕ್ಕ. ಅವಳ ಮಾತನ್ನ ಯಾರೂ ನಂಬ್ಲಿಲ್ಲ. ನೀನೇ ಗುಂಡಿ ತೆಗೆಸ್ದೆ ರಾಮಕೃಷ್ಣಣ್ಣ, ನಾನು ಕೇಳಿಸ್ಕೊಂಡಿದೀನಿ" ಎಂದೆ. ದನಿ ಸೀಳಿಹೋಯಿತು.

ರಾಮಕೃಷ್ಣಣ್ಣನ ಮುಖ ಸಪ್ಪಗಾಯಿತು. "ಯಾರ್ ನೋಡುದ್ರೇನ್ಲಾ, ನೀನು ಬದುಕುದ್ಯಲ್ಲ" ಎಂದ.

ಹಿತ್ತಿಲ ಬಾಗಿಲಿನಿಂದ ಅಕ್ಕ, ಕೈಯಲ್ಲಿ ಹಿಟ್ಟು, "ಸುಮ್ಕೆ ಕೂತ್ಕೊಳ್ಲಾ, ಉಂಬೊ ಹೊತ್ನಲ್ಲಿ ಏನದು" ಎಂದು ಗದರಿದಳು. ಕೂತೆ. ಊಟ ಶುರುವಾಯಿತು. ಪಕ್ಕದಲ್ಲಿದ್ದವರೊಬ್ಬರು, "ಕ್ರಿಶ್ಚಿಯನ್ ಆಗ್ಬುಟ್ಟವ್ನಂತೆ, ಅದ್ಕೇ ಇಂಗಾಡ್ತಾನೆ" ಎಂದು ಪಿಸುಗುಟ್ಟಿದ್ದೂ ಕೇಳಿಸಿತು. ಹೇಳಿದೆನಲ್ಲ, ನನ್ನ ಕಿವಿ ಚೆನ್ನಾಗಿದೆ.

ನಾನು ಯಾವ ಮತಕ್ಕೂ ಹೋಗಿಲ್ಲ. ಸತ್ತವನು ಎದ್ದ ಎಂದು ಹೇಳುವ ಧೈರ್ಯ ಇತಿಹಾಸ ಕಲಿತ ನನಗೆ ಇವತ್ತಿಗೂ ಇಲ್ಲ. ಆದರೆ ಇನ್ನಾಸಪ್ಪನವರಿಂದ ಅವರ ಗ್ರಂಥ ಇಸಿದುಕೊಂಡು ಪೂರ್ತಿ ಓದಿದೆ. ಸಾಕ್ಷಿಗಳನ್ನು ಹೆಸರಿಸುವ ಒಂದು ಹಳೆಯ ಪತ್ರ ಅದರಲ್ಲಿದೆ, ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಿಗಿಂತಲೂ ಮುಂಚಿನದಂತೆ. ಅದರಲ್ಲಿ ಹೆಸರಿರುವವರೆಲ್ಲ ಗಂಡಸರು. ಸಮಾಧಿಗೆ ಹೋದ ಹೆಂಗಸರು ಅಲ್ಲಿಲ್ಲ. ನನಗೆ ಎದ್ದು ಕೂಗಬೇಕೆನಿಸಿತು. ಅಲ್ಲಿಯೂ ಒಬ್ಬ ರಾಮಕೃಷ್ಣಣ್ಣ ಇದ್ದ! ಆದರೂ ಆಮೇಲೆ ಸುವಾರ್ತೆ ಬರೆದವರು ನಾಲ್ವರೂ ಆ ಹೆಂಗಸರಲ್ಲೊಬ್ಬಳಾದ ಮಗ್ದಲದ ಮರಿಯಳನ್ನು ಬಿಡಲಾಗದೆ ಹೆಸರು ಹಿಡಿದು ಬರೆದಿದ್ದಾರೆ. ಬಿಟ್ಟಿದ್ದರೆ ಅವರ ಕೇಸು ಸಲೀಸಾಗುತ್ತಿತ್ತು. ನನ್ನ ಅಕ್ಕನನ್ನು ಅಳಿಸಲು ಎರಡು ವರ್ಷವೂ ಬೇಕಾಗಲಿಲ್ಲ. ಆ ಹೆಂಗಸರು ತಲೆಮಾರು ಕಳೆದರೂ ಅಳಿಯಲಿಲ್ಲ ಎಂದರೆ, ಅವರು ಹೋದದ್ದು, ಏನನ್ನೋ ಕಂಡದ್ದು, ಬಂದು ಹೇಳಿದ್ದು ನಿಜವೇ ಇರಬೇಕು. ಏನು ಕಂಡರೋ ನಾನು ಹೇಳಲಾರೆ. ಇಷ್ಟನ್ನು ಮಾತ್ರ ಇನ್ನಾಸಪ್ಪನವರಿಗೆ ಬಿಟ್ಟುಕೊಟ್ಟೆ. "ಅಷ್ಟು ಸಾಕು ಮೇಷ್ಟ್ರೇ, ಉಳಿದದ್ದಕ್ಕೆ ಮುಂದಿನ ವಾಯಿದೆ ಕೇಳ್ಕೋತೀನಿ" ಎಂದರು.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಮಾತಿಲ್ಲದೆ ಮಲಗಿದ್ದರೆ, ತಲೆಯ ಮೇಲೆ ನಿಂತು ಮಾತಾಡಬೇಡಿ. ಹತ್ತಿರ ಕೂತು ಅವರ ಜೊತೆ ಮಾತಾಡಿ, ಬೈದರೂ ಪರವಾಗಿಲ್ಲ. ಕಾಲು ತಿಕ್ಕುವವಳು ಏನೋ ಕಂಡೆ ಎಂದರೆ, ದಯವಿಟ್ಟು ಎದ್ದು ಹೋಗಿ ನೋಡಿ.

ಮೊನ್ನೆ ಅಕ್ಕ ಬಂದಿದ್ದಳು. ಇಬ್ಬರೂ ತೋಟಕ್ಕೆ ಹೋಗಿ ನನ್ನ ದಿಬ್ಬದ ಪಕ್ಕದ ಬದುವಿನ ಮೇಲೆ ಕೂತೆವು. ದಿಬ್ಬ ಈಗ ತಗ್ಗಿಹೋಗಿದೆ, ಬಾಳೆದಿಂಡು ಒಳಗೆ ಕೊಳೆತಿರಬೇಕು. ಆ ಹೆಂಗಸರ ಕಥೆಯನ್ನು ಅವಳಿಗೆ ಹೇಳಿದೆ. ಗಂಡಸರು ನಂಬಲಿಲ್ಲ ಎಂಬಲ್ಲಿಗೆ ಬಂದಾಗ ಅವಳು ಹುಲ್ಲು ಕೀಳುತ್ತಿದ್ದ ಕೈ ನಿಲ್ಲಿಸಿ, "ಅಲ್ಲೂ ಅಂಗೇನಾ?" ಎಂದಳು.

"ಅಕ್ಕ, ನಾನು ನಿಜವಾಗ್ಲೂ ಸತ್ತಾಗ ಹಾಲುತುಪ್ಪಕ್ಕೆ ಎಲ್ರಿಗಿಂತ ಮೊದ್ಲು ನೀನೇ ಬರ್ಬೇಕು" ಎಂದೆ.

"ನಿನ್ಗಿಂತ ದೊಡ್ಡೋಳು ಕಣ್ಲಾ ನಾನು. ಮೊದ್ಲು ನಾನೋಯ್ತೀನಿ."

"ಅಕಸ್ಮಾತ್ ನೀನಿದ್ರೆ?"

ಅವಳು ಇನ್ನೊಂದು ಹಿಡಿ ಹುಲ್ಲು ಕಿತ್ತಳು. "ಬತ್ತೀನಿ ಬುಡು. ಬಂದ್ನೇ ಅನ್ಕೊ. ಆಗ ನೀನು ಅಲ್ಲಿ ಇಲ್ದೆ ಇದ್ರೆ?"

"ಇಲ್ದೆ ಇದ್ರೆ ಊರೊಳಕ್ಕೆ ಹೋಗಿ ಹೇಳು."

ಅಕ್ಕ ನನ್ನ ಮುಖವನ್ನೇ ನೋಡಿದಳು, ಅವತ್ತು ರೆಪ್ಪೆ ಎತ್ತಿ ನೋಡಿದ ಹಾಗೆ.

"ಯಾರ್ಗೆ ಯೋಳ್ಳಿಲಾ?" ಎಂದಳು. "ಯಾರು ನಂಬ್ತಾರೆ?"